ಹಿಮ್ಮಡಿಯಲ್ಲಿ ಕೂತ ಮಂಗ

ನಮ್ಮ ಮನೆಯ ಬಟ್ಟೆ ಬುಟ್ಟಿಯ ತಳದಲ್ಲಿ ಯಾವಾಗ ನೋಡಿದರೂ ಏಳೆಂಟು ಒಂಟಿ ಸಾಕ್ಸು ಬಿದ್ದಿರುತ್ತವೆ. ಜೋಡಿ ಎಲ್ಲಿ ಎಂದು ಕೇಳಿದರೆ ಮಗಳು ಅಪ್ಪನ ಕಡೆ ನೋಡುತ್ತಾಳೆ, ಅಪ್ಪ ನಾಯಿಯ ಕಡೆ ನೋಡುತ್ತಾರೆ. ಸಾಗರದ ಕಡೆಯ ಮಳೆಗಾಲದಲ್ಲಿ ಸಾಕ್ಸು ಒಣಗಿಸುವುದೇ ಒಂದು ಸಾಹಸ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ನಾಲ್ಕು ದಿನ ಹೊಗೆ ಕುಡಿಯುತ್ತಾ ತೂಗಾಡಿ, ಬೂದಿಗೆ ಬಿದ್ದದ್ದು ಬಿದ್ದು ಉಳಿದದ್ದು ಉಳಿದು, ಕಡೆಗೆ ಜೋಡಿ ತಪ್ಪುತ್ತದೆ. ಎಸೆಯಲು ಮನಸ್ಸಾಗದೆ ಬುಟ್ಟಿಗೆ ಹಾಕುತ್ತಿದ್ದೆ.

ಏಳು ವರ್ಷದ ಹಿಂದೆ ಅಮೆರಿಕದ ಇಲಿನಾಯ್‌ನಲ್ಲಿರುವ ನನ್ನ ನಾದಿನಿ ಊರಿಗೆ ಬಂದವಳು ಚಾಕೊಲೇಟು, ಬಾದಾಮಿಯ ಜೊತೆ ಒಂದು ವಿಚಿತ್ರ ಉಡುಗೊರೆ ತಂದಳು. ಕಂದುಬೂದು ಬಣ್ಣದ, ಹಿಮ್ಮಡಿ ಮಾತ್ರ ಕೆಂಪಗಿರುವ ಒಂದು ಜೊತೆ ದಪ್ಪ ಸಾಕ್ಸು. ಅದರೊಳಗೆ ಮಡಿಸಿಟ್ಟ ಚೀಟಿಯಲ್ಲಿ ಈ ಸಾಕ್ಸಿನಿಂದ ಮಂಗ ಮಾಡುವುದು ಹೇಗೆ ಎಂದು ಚಿತ್ರ ಸಮೇತ ಬರೆದಿತ್ತು.

ಅತ್ತೆ ಕನ್ನಡಕ ಏರಿಸಿಕೊಂಡು ಚಿತ್ರ ನೋಡಿದರು. "ತೋಟದಲ್ಲಿ ಇರೋ ಮಂಗ ಸಾಲ್ದು ಅಂತ ಮನೆ ಒಳಗೂ ಒಂದು ಮಾಡಿ ಕೂರಿಸ್ತೀಯಾ ಮಾರಾಯ್ತಿ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆ ವರ್ಷ ನಮ್ಮ ಬಾಳೆಯ ಒಂದು ಗೊನೆಯೂ ಪೂರ್ತಿ ಮನೆಗೆ ಬಂದಿರಲಿಲ್ಲ. ಎಳೆ ಅಡಿಕೆಯನ್ನೂ ಅವು ಕಚ್ಚಿ ಕಚ್ಚಿ ಉದುರಿಸಿದ್ದವು.

ಅಮೆರಿಕದಿಂದ ಬಂದ ಹೊಸ ಜೊತೆಯನ್ನು ಹಾಳು ಮಾಡುವುದು ಬೇಡವೆಂದು ಮೊದಲು ಬುಟ್ಟಿಯ ಒಂಟಿ ಸಾಕ್ಸಿನ ಮೇಲೆ ಕೈ ಪಳಗಿಸಲು ಕುಳಿತೆ. ಬ್ಲೌಸು, ಲಂಗ ಹೊಲಿದು ಅಭ್ಯಾಸವಿದ್ದ ಕೈ. ಬಟ್ಟೆಗೆ ಮಾಡುವಂತೆಯೇ ಮಾಡಿದೆ: ಚಾಕ್‌ಪೀಸಿನಲ್ಲಿ ಗೆರೆ ಎಳೆದೆ, ಗೆರೆಯ ಮೇಲೆ ಕತ್ತರಿ ಆಡಿಸಿದೆ, ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ದಾರ ಪೋಣಿಸಿ ತಲೆ ಎತ್ತುವಷ್ಟರಲ್ಲಿ ಸಾಕ್ಸಿನ ಕತ್ತರಿಸಿದ ಅಂಚು ಉಡುಪಿ ಹೋಟೆಲಿನ ದೋಸೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಲು ಎಳೆದೆ. ಒಂದು ಎಳೆ ಜಾರಿತು. ಅದರ ಕೆಳಗಿನದು ಜಾರಿತು. ಬೆರಳಗಲದ ಒಂದು ಏಣಿ ನನ್ನ ಕಣ್ಣೆದುರೇ ಹಿಮ್ಮಡಿಯವರೆಗೆ ಸರಸರನೆ ಇಳಿದುಹೋಯಿತು. ಹಿಡಿಯಲು ಹೋದ ಕಡೆಯೆಲ್ಲಾ ಇನ್ನೊಂದು ಏಣಿ.

ಸಾಕ್ಸು ನೇಯ್ದ ಬಟ್ಟೆಯಲ್ಲ, ಹೆಣೆದದ್ದು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಗೊತ್ತಿರುವುದು ಬೇರೆ, ಕೈಗೆ ತಿಳಿಯುವುದು ಬೇರೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಎಂದು ಎರಡು ಕಡೆಯ ನೂಲು ಒಂದನ್ನೊಂದು ಅಮುಕಿ ಹಿಡಿದಿರುತ್ತದೆ. ಸಾಕ್ಸಿನಲ್ಲಿ ನೂಲು ಸುತ್ತು ಸುತ್ತಾಗಿ ಓಡುತ್ತಾ ಕುಣಿಕೆಯೊಳಗೆ ಕುಣಿಕೆ ಹಾಕಿಕೊಂಡು ಬರುತ್ತದೆ. ಒಂದು ಕುಣಿಕೆ ಬಿಚ್ಚಿದರೆ ಅದನ್ನೇ ನಂಬಿಕೊಂಡ ಮುಂದಿನದು ನಿರಾಧಾರ. ಹಾಗಾಗಿ ಗೊಂಬೆಗೆ ಕತ್ತರಿ ಕೊನೆಯಲ್ಲಿ ಬರಬೇಕು, ಸೂಜಿ ಮೊದಲು. ಇಷ್ಟನ್ನು ಕಲಿಯಲು ನನಗೆ ಮೂರು ಸಾಕ್ಸು ಬೇಕಾದವು.

ಈಗ ಮಾಡುವ ಕ್ರಮ ಹೀಗಿದೆ. ಸಾಕ್ಸನ್ನು ಒಳಹೊರಗು ಮಾಡಿ, ಹಿಮ್ಮಡಿಯ ಗುಳಿ ನಡುಮಧ್ಯೆ ಮೇಲೆ ಬರುವಂತೆ ಚಪ್ಪಟೆಯಾಗಿ ಹಾಸುತ್ತೇನೆ. ಕಾಲು ತೂರಿಸುವ ಬಾಯಿಯಿಂದ ಹಿಮ್ಮಡಿಯ ಕಡೆಗೆ ನಡುವೆ ಒಂದು ಗೆರೆ, ಹಿಮ್ಮಡಿಗೆ ಎರಡು ಬೆರಳು ಇದೆ ಎನ್ನುವಾಗ ನಿಲ್ಲಬೇಕು. ಆ ಗೆರೆಯ ಎರಡೂ ಪಕ್ಕದಲ್ಲಿ ಅರ್ಧರ್ಧ ಬೆರಳು ಬಿಟ್ಟು, ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದಕ್ಕೆ ತೆಗೆಯುತ್ತಾ ಹೊಲಿಗೆ. ಅದು ಮುಗಿದ ಮೇಲೆ ನಡುಗೆರೆಗೆ ಕತ್ತರಿ. ಅಲ್ಲಿಗೆ ಎರಡು ಕಾಲಾಯಿತು. ಹಿಮ್ಮಡಿ ಕುಂಡೆಯಾಯಿತು. ಬೆರಳಿನ ತುದಿ ತಲೆಯಾಯಿತು. ಕಾಲುಗಳ ಸಂದಿಯಲ್ಲಿ ಬಿಟ್ಟ ಸಣ್ಣ ಬಾಯಿಂದ ಬಲಮಗ್ಗುಲಿಗೆ ತಿರುವಿ ತುಂಬುವುದು. ಇನ್ನೊಂದು ಸಾಕ್ಸಿನ ಹಿಮ್ಮಡಿಯೇ ಮೂತಿ. ಮಿಕ್ಕದ್ದರಲ್ಲಿ ಎರಡು ಕೈ, ಕಿವಿ, ಬಾಲ. ಮಿಷನ್ನಿನಲ್ಲಿ ಹೊಲಿಯಬಹುದು, ಆದರೆ ನನ್ನ ಕೈಯಲ್ಲಿ ಅಂಚು ಹಪ್ಪಳದಂತೆ ಅಲೆ ಅಲೆಯಾಗುತ್ತದೆ. ಹತ್ತಿ ತುಂಬಿ ಸಾಕ್ಸು ಹಿಗ್ಗಿದಾಗ ಬಿಗಿ ಹೊಲಿಗೆ ಟಪ್ಪೆಂದು ಕಿತ್ತದ್ದೂ ಇದೆ. ಕೈಹೊಲಿಗೆ ತುಸು ಹಿಗ್ಗಿ ಕೊಡುತ್ತದೆ.

ಹಿಮ್ಮಡಿಯ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು, ಏಕೆಂದರೆ ಇಡೀ ಗೊಂಬೆಯ ಜೀವ ಇರುವುದು ಅಲ್ಲೇ. ಸುತ್ತು ಹೆಣೆಯುವ ಯಂತ್ರ ಹಿಮ್ಮಡಿಯ ಹತ್ತಿರ ಬಂದಾಗ ಸುತ್ತುವುದನ್ನು ಬಿಟ್ಟು ಹಿಂದಕ್ಕೂ ಮುಂದಕ್ಕೂ ಓಡಾಡಿ ಒಂದು ಚೀಲ ಮಾಡುತ್ತದೆ. ಚಪ್ಪಟೆ ಬಟ್ಟೆಯಲ್ಲಿ ಅಂಥ ಉಬ್ಬು ತರಬೇಕಾದರೆ ನಾಲ್ಕು ತುಂಡು ಕತ್ತರಿಸಿ ಜೋಡಿಸಬೇಕು. ಸಾಕ್ಸಿನಲ್ಲಿ ಅದು ಪುಕ್ಕಟೆ. ಎರಡನೆಯದು ಕೆಂಪು ಬಣ್ಣದ ಮಾತು, ನಾದಿನಿ ಹೇಳಿದ್ದು. ಅಮೆರಿಕದ ರಾಕ್‌ಫರ್ಡ್ ಎಂಬ ಊರಿನ ನೆಲ್ಸನ್ ನಿಟ್ಟಿಂಗ್ ಕಂಪನಿ 1932ರಲ್ಲಿ ಕೂಲಿಯವರಿಗೆ, ರೈತರಿಗೆ ಮಾಡುತ್ತಿದ್ದ ತನ್ನ ಸಾಕ್ಸಿನ ಗುರುತು ಸಿಗಲೆಂದು ಹಿಮ್ಮಡಿಗೆ ಕೆಂಪು ಹಾಕಿತು. ಆಗ ಅಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಹಳೆ ಸಾಕ್ಸು ಎಸೆಯಲಾರದ ತಾಯಂದಿರ ಕೈಗೆ ಆ ಕೆಂಪು ಮಂಗನ ಬಾಯಾಗಿ ಕಂಡಿತು. ಮಂಗನ ವಿನ್ಯಾಸ ಯಾರದೆಂಬ ತಕರಾರು ಎದ್ದು, 1955ರಲ್ಲಿ ಪೇಟೆಂಟ್ ಅದೇ ಕಂಪನಿಗೆ ಸಿಕ್ಕಿತು. ಆಮೇಲೆ ಪ್ರತಿ ಜೊತೆಯೊಳಗೂ ಮಂಗ ಮಾಡುವ ಚೀಟಿ ಸೇರಿತು. ನಾದಿನಿ ತಂದದ್ದು ಅದರ ಸಂತಾನವೇ.

ಇದನ್ನು ಅವಳು ಹೇಳುವಾಗ ನಾನು ಬುಟ್ಟಿಯ ಕಡೆ ನೋಡುತ್ತಿದ್ದೆ. ನಾನು ಪಾಠ ಮಾಡುವುದು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಗೆ. ಮಕ್ಕಳಿಗೆ ಸರ್ಕಾರದಿಂದ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸು ಬರುತ್ತದೆ. ಮಗಳೂ ಅದೇ ಶಾಲೆ. ಆ ಬಿಳಿ ಸಾಕ್ಸು ಜೂನ್ ಕಳೆಯುವಷ್ಟರಲ್ಲಿ ನಮ್ಮ ಮಣ್ಣು ಮೆತ್ತಿ ಮೆತ್ತಿ ಹಿಮ್ಮಡಿಯಲ್ಲಿ ಕೆಂಪಗಾಗಿರುತ್ತದೆ. ಸಬೀನ ಹಾಕಿ ಉಜ್ಜಿದರೂ ಹೋಗದ ಕೆಂಪು. ರಾಕ್‌ಫರ್ಡಿನವರು ಗಿರಣಿಯಲ್ಲಿ ಬಣ್ಣ ಹಾಕಿಸಿದರು, ನನಗೆ ಶಾಲೆಯ ದಾರಿಯೇ ಹಾಕಿಕೊಟ್ಟಿತ್ತು. ಮೊದಲು ನೆಟ್ಟಗೆ ಕೂತ ಮಂಗ ಹಾಗೆ ಹುಟ್ಟಿದ್ದು. ಮೈ ಬಿಳಿ, ಮೂತಿ ಮತ್ತು ಕುಂಡೆ ಜಂಬಿಟ್ಟಿಗೆಯ ಬಣ್ಣ.

ನೆಟ್ಟಗೆ ಕೂರಿಸುವ ಮೊದಲು ಹತ್ತಿಯ ಪ್ರಕರಣ ದಾಟಬೇಕಾಯಿತು. ಹಿತ್ತಲ ಬೇಲಿಯ ಆಚೆ ಒಂದು ಬೂರುಗದ ಮರವಿದೆ. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರುತ್ತದೆ. ಅಜ್ಜಿಯ ಕಾಲದಲ್ಲಿ ದಿಂಬಿಗೆ ಅದನ್ನೇ ತುಂಬುತ್ತಿದ್ದರಲ್ಲ, ಪೇಟೆಯಿಂದ ಏಕೆ ತರಬೇಕು ಎಂದು ಒಂದು ಗೋಣಿಯಷ್ಟು ಆರಿಸಿ ತಂದೆ. ಜಗಲಿಯಲ್ಲಿ ಕೂತು ತುಂಬಲು ಶುರುಮಾಡಿದರೆ ಅದು ಕೈಗೆ ಸಿಗುವ ಜಾತಿಯೇ ಅಲ್ಲ. ಉಸಿರು ಬಿಟ್ಟರೆ ಹಾರಿತು, ಮೂಗಿಗೆ ಹೋಯಿತು, ಅತ್ತೆಯ ಸಾರಿನ ಪಾತ್ರೆಗೂ ಹೋಯಿತು. ಬೀಜ ಬಿಡಿಸುವ ತಾಳ್ಮೆ ನನಗಿರಲಿಲ್ಲ, ಅಲ್ಲೊಂದು ಇಲ್ಲೊಂದು ಉಳಿದವು. ವಾರ ಕಳೆಯುವಷ್ಟರಲ್ಲಿ ಇಲಿ ಮಂಗನ ಹೊಟ್ಟೆಗೆ ತೂತು ಕೊರೆದು ಬೀಜವನ್ನೆಲ್ಲ ಆರಿಸಿಕೊಂಡು ಹೋಗಿತ್ತು. ಮಗಳು ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯ ತುಂಬ ಹತ್ತಿ, ನಡುವೆ ಚರ್ಮ ಮಾತ್ರ ಉಳಿದ ಮಂಗ. ಆ ದಿನ ಶಾಲೆಗೆ ಇಬ್ಬರೂ ತಡವಾಗಿ ಹೋದೆವು.

ಆಮೇಲೆ ಅಂಗಡಿಯ ಅರಳೆ ತಂದೆ. ಅದು ಬೇಸಿಗೆಯಲ್ಲಿ ಚೆನ್ನ. ಆಷಾಢದಲ್ಲಿ ಗೊಂಬೆ ಒಮ್ಮೆ ಅಂಗಳದ ನೀರಿಗೆ ಬಿತ್ತು ನೋಡಿ, ಮಂಗ ಎರಡು ಪಟ್ಟು ಭಾರವಾಗಿ, ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಗಂಟು ಗಂಟಾಗಿ, ಹತ್ತನೇ ದಿನಕ್ಕೆ ಕಮಟು ವಾಸನೆ ಹೊಡೆಯತೊಡಗಿತು. ಈಗ ನಾನು ತುಂಬುವುದು ಹಳೆಯ ದಿಂಬಿನ ಫೈಬರ್ ಹತ್ತಿ, ರೆಕ್ರಾನ್ ಎನ್ನುತ್ತಾರಲ್ಲ ಅದು. ಹಿಂಡಿದರೆ ನೀರು ಬಿಡುತ್ತದೆ, ಕಿವಿ ಹಿಡಿದು ಬಚ್ಚಲ ಒಲೆಯ ಹಗ್ಗಕ್ಕೆ ನೇತುಹಾಕಿದರೆ ಮೂರು ದಿನಕ್ಕೆ ಒಣಗುತ್ತದೆ, ಹೊಗೆ ವಾಸನೆ ಮಾತ್ರ ಉಳಿಯುತ್ತದೆ. ಅದು ಪ್ಲಾಸ್ಟಿಕ್ಕಿನ ವಂಶ ಎಂಬುದು ಮನಸ್ಸಿಗೆ ಕಿರಿಕಿರಿಯೇ, ಆದರೆ ನಮ್ಮ ಮಳೆಯ ಎದುರು ತತ್ತ್ವ ನಿಲ್ಲುವುದಿಲ್ಲ. ಕುಂಡೆಯ ತಳಕ್ಕೆ ಮಾತ್ರ ಹಳೆ ಬಟ್ಟೆಯ ಚೂರು ಒಂದು ಹಿಡಿ ಹಾಕುತ್ತೇನೆ. ತಳ ಭಾರವಾದರೆ ಗೊಂಬೆ ಮಗುಚುವುದಿಲ್ಲ.

ಎಷ್ಟು ತುಂಬಬೇಕು ಎಂಬುದಕ್ಕೆ ಅಳತೆ ಇಲ್ಲ. ಮುಷ್ಟಿ ಮುಷ್ಟಿ ತುರುಕಿದರೆ ಒಳಗೆ ಆಲೂಗೆಡ್ಡೆ ಇಟ್ಟಂತೆ ಕಾಣುತ್ತದೆ. ಚಿಟಿಕೆ ಚಿಟಿಕೆ ಹಿಂಜಿ, ಸೌಟಿನ ಹಿಡಿಯಿಂದ ಮೊದಲು ಕಾಲಿನ, ತಲೆಯ ತುದಿಗಳಿಗೆ ಕಳಿಸಬೇಕು. ಸಾಕ್ಸು ಅಡ್ಡಕ್ಕೆ ಹಿಗ್ಗಿದಷ್ಟು ಉದ್ದಕ್ಕೆ ಹಿಗ್ಗುವುದಿಲ್ಲ. ಆಸೆಬುರುಕರಾಗಿ ತುಂಬಿದರೆ ಮಂಗ ಎತ್ತರವಾಗುವ ಬದಲು ಕುಂಬಳಕಾಯಿಯಾಗುತ್ತದೆ, ಕುಣಿಕೆಗಳ ಸಂದಿಯಿಂದ ಹತ್ತಿ ಹಲ್ಲು ಕಿರಿಯುತ್ತದೆ.

ಕಣ್ಣಿನ ವಿಷಯದಲ್ಲಿ ನಾನು ಕಲಿತದ್ದು ಹೆದರಿಕೊಂಡು. ಮೊದಲ ಗೊಂಬೆಗಳಿಗೆಲ್ಲ ಅಂಗಿಯ ಗುಂಡಿಯೇ ಕಣ್ಣು. ತಂಗಿ ತನ್ನ ಹತ್ತು ತಿಂಗಳ ಕೂಸನ್ನು ಕರೆದುಕೊಂಡು ಬಂದಿದ್ದಳು. ಕೂಸು ಮಂಗವನ್ನು ಚೀಪುತ್ತಾ ಚಾಪೆಯ ಮೇಲೆ ಕೂತಿತ್ತು, ನಾವು ಹಲಸಿನ ಹಪ್ಪಳಕ್ಕೆ ಹಿಟ್ಟು ಲಟ್ಟಿಸುತ್ತಾ ಹರಟುತ್ತಿದ್ದೆವು. ತಿರುಗಿ ನೋಡಿದರೆ ಮಂಗಕ್ಕೆ ಒಂದೇ ಕಣ್ಣು. ಚಾಪೆಯ ಮೇಲಿಲ್ಲ, ಮಡಿಲಲ್ಲಿಲ್ಲ. ತಂಗಿ ಹಿಟ್ಟಿನ ಬೆರಳನ್ನೇ ಕೂಸಿನ ಬಾಯಿಗೆ ಹಾಕಿ ಕೆನ್ನೆಯ ಒಳಗಿಂದ ಗುಂಡಿ ತೆಗೆದಳು. ಅವಳು ಬೈಯಲಿಲ್ಲ, ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಆ ರಾತ್ರಿಯೇ ಮನೆಯ ಎಲ್ಲ ಗೊಂಬೆಗಳ ಕಣ್ಣು ಕಿತ್ತೆ.

ಈಗ ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿದ ಕಣ್ಣು. ಆಟಿಕೆಗಳ ಸುರಕ್ಷತೆಗೆಂದು ಇರುವ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇದೆ ಎಂದು ಮುಂದೆ ಓದಿದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಿತ್ತು ಬರುವ ಯಾವ ಚೂರೂ ಅದರೊಳಗೆ ಪೂರ್ತಿ ಹಿಡಿಸುವಷ್ಟು ಚಿಕ್ಕದಿರಬಾರದು. ಹತ್ತು ರೂಪಾಯಿ ನಾಣ್ಯವೇ 27 ಮಿಲಿಮೀಟರ್. ಅಂಗಿ ಗುಂಡಿ ಯಾವ ಲೆಕ್ಕ! ಇದನ್ನು ಓದಿದ್ದಾದರೂ ಏಕೆಂದರೆ, ಪರಿಚಯದವರು "ಮಾಡಿ ಮಾರಿ ಮೇಡಂ" ಎಂದು ಗಂಟುಬಿದ್ದಿದ್ದರು. 2021ರ ಜನವರಿ 1ರಿಂದ ಮಾರುವ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ, ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಎಂದು ಗೊತ್ತಾದಾಗ ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಬೇಡ ಎನ್ನಲು ಒಂದು ಗಟ್ಟಿ ಕಾರಣ ಸಿಕ್ಕಿತ್ತು.

ಕಣ್ಣು ಹೊಲಿಯುವ ಮೊದಲು ಗುಂಡುಸೂಜಿ ಚುಚ್ಚಿ ಜಾಗ ನೋಡಿಕೊಳ್ಳುತ್ತೇನೆ. ಮೂತಿಗೆ ಹತ್ತಿರ, ಒಂದಕ್ಕೊಂದು ದೂರ ಇಟ್ಟರೆ ಮುಗ್ಧ ಮುಖ. ಮೇಲಕ್ಕೆ ಸರಿಸಿ ಹತ್ತಿರ ತಂದರೆ ಸಾಲ ವಸೂಲಿಗೆ ಬಂದವನ ಮುಖ. ಹೊಲಿದ ಮೇಲೆ ಕೊನೆಗೆ ಸೂಜಿಯನ್ನು ಗೊಂಬೆಯ ತಲೆಯಲ್ಲೇ ಮರೆತಿಲ್ಲವಷ್ಟೇ ಎಂದು ಎಣಿಸಿ ಡಬ್ಬಿಗೆ ಹಾಕುತ್ತೇನೆ. ಐದು ಗುಂಡುಸೂಜಿ, ಎರಡು ಸೂಜಿ. ಏಳು ಬಾರದೆ ಗೊಂಬೆ ಕೈ ದಾಟುವುದಿಲ್ಲ.

ತರಗತಿಗೆ ಒಯ್ದಾಗ ಮಂಗಕ್ಕೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೆ. ಪೇಟೆಯ ಮಕ್ಕಳಿಗೆ ಮಂಗ ಮುದ್ದು ಇರಬಹುದು, ಇವರೆಲ್ಲ ತೋಟದ ಮನೆಯ ಮಕ್ಕಳು. ಒಂದನೇ ತರಗತಿಯ ಒಬ್ಬ ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಟೀಚರ್, ಮಂಗ ಬ್ಯಾಡ. ಮಂಗ ಓಡ್ಸದು ಮಾಡಿ" ಎಂದ. ನಾಯಿಯೇ ಎಂದು ಕೇಳಿದೆ. "ಅಲ್ಲ, ಹುಲಿ ನಾಯಿ." ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳನ್ನು ಹೆದರಿಸಲು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದ ಸುದ್ದಿ 2019ರಲ್ಲಿ ಎಲ್ಲ ಕಡೆ ಬಂದಿತ್ತು. ಈ ಹುಡುಗನ ಮನೆಯಲ್ಲೂ ಅದರದೇ ಮಾತು. ಅಣ್ಣನ ಮಗನ ಕಿತ್ತಳೆ-ಕಪ್ಪು ಪಟ್ಟೆಯ ಫುಟ್‌ಬಾಲ್ ಸಾಕ್ಸು ನೆನಪಾಯಿತು. ಮೊಣಕಾಲುದ್ದದ ಸಾಕ್ಸು, ಒಂದರಲ್ಲೇ ಇಡೀ ಹುಲಿಯಾಯಿತು. ಪಟ್ಟೆ ಸಾಲಿಗೆ ಸಾಲು ಕೂಡಿಸಿ ಬಾಲ ಹಚ್ಚಲು ಒಂದು ಭಾನುವಾರವೇ ಹಿಡಿಯಿತು. ನಾಯಿಯೋ ಹುಲಿಯೋ ಹೇಳಲಾಗದ ಮುಖ ಬಂತು. ಅವನಿಗೆ ಬೇಕಾದದ್ದೂ ಅದೇ.

ಅವನಿಗೊಂದು ಮಾಡಿದ ಮೇಲೆ ಉಳಿದ ಒಂಟಿ ಸಾಕ್ಸಿನಲ್ಲಿ ಇನ್ನೊಂದು ಮಾಡಿ ಮನೆಯಲ್ಲಿಟ್ಟಿದ್ದೆ. ಒಂದು ದಿನ ಅದು ಕಪಾಟಿನಲ್ಲಿ ಇರಲಿಲ್ಲ. ಮಗಳನ್ನು ಕೇಳಿದೆ, ಇವರನ್ನು ಕೇಳಿದೆ. ಇವರು ಎಂದಿನಂತೆ ನಾಯಿಯ ಕಡೆ ನೋಡಿದರು. ಅತ್ತೆ ಮಾತ್ರ ಅಡಿಕೆ ಕತ್ತರಿಸುತ್ತಾ ತಲೆ ಎತ್ತಲಿಲ್ಲ.

ನಾಲ್ಕನೇ ದಿನ ಸಂಜೆ ಅವರೇ ತೋಟದಿಂದ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಪೇರಲೆ ಗಿಡಕ್ಕೆ ಕಟ್ಟಿದ್ದರಂತೆ. ಎರಡು ದಿನ ಮಂಗ ಆ ಕಡೆ ಸುಳಿಯಲಿಲ್ಲವಂತೆ. ಮೂರನೇ ದಿನ ಒಂದು ಧೈರ್ಯಸ್ಥ ಇಳಿದು ಬಂದು ಕಿತ್ತುಕೊಂಡು ಹೋಗಿ ಹಲಸಿನ ಮರದ ಮೇಲೆ ಕೂತು ಬಿಚ್ಚಿ ನೋಡಿತಂತೆ. ಹೊಟ್ಟೆಯ ಬಟ್ಟೆ ಹರಿದು ಹತ್ತಿ ಹೊರಗೆ ಜೋತಿತ್ತು, ಒಂದು ಕಿವಿ ಇರಲಿಲ್ಲ. ಅತ್ತೆ ಬಾಲವನ್ನು ಹಿಡಿದು ಜಗ್ಗಿ, ಕಾಲಿನ ಸಂದಿಯನ್ನು ಜಗ್ಗಿ ನನಗೆ ತೋರಿಸಿದರು.

"ಬಟ್ಟೆ ಹರ್ದಿದೆ ಬಿಟ್ರೆ ಹೊಲಿಗೆ ಒಂದೂ ಬಿಟ್ಟಿಲ್ಲ ನೋಡು" ಎಂದರು. ಆಮೇಲೆ ಜಗಲಿಯ ಮೂಲೆಯ ಬುಟ್ಟಿಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು, ಬಗ್ಗಿ, ಒಳಗೆ ಕೈಯಾಡಿಸತೊಡಗಿದರು. "ಪಟ್ಟೆದು ಇನ್ನೊಂದು ಇದ್ಯಾ ಇದ್ರಲ್ಲಿ?"