ಗವಾಯಿಗಳ ಪುಣ್ಯಸ್ಮರಣೆ

ಜನರ ಪ್ರೀತಿಗೆ ಪಾತ್ರನಾದ ಗಾಯಕನೊಬ್ಬನು ಗತಿಸಿದಾಗ ಅವನ ಗೆಳೆಯರೂ ಶಿಷ್ಯರೂ ಒಂದೆಡೆ ನೆರೆದು ಅವನನ್ನು ನೆನೆಯುವುದು ಎಲ್ಲ ನಾಡುಗಳಲ್ಲಿಯೂ ನಡೆದುಬಂದ ಸಂಪ್ರದಾಯವು. ವೀರಶೈವರಲ್ಲಿ ಈ ಸಂಪ್ರದಾಯಕ್ಕೆ ಆಧಾರವೇನೆಂಬುದು ವಿಚಾರಿಸತಕ್ಕ ವಿಷಯವಾಗಿದೆ. ಶರಣನು ಸತ್ತನೆಂದು ಹೇಳುವ ರೂಢಿ ಇಲ್ಲಿಲ್ಲ, ಲಿಂಗೈಕ್ಯನಾದನೆಂದೇ ಹೇಳುವುದು. ಪಂಚಸೂತಕಗಳೊಳಗೆ ಪ್ರೇತಸೂತಕವನ್ನೂ ಶರಣಧರ್ಮವು ತಳ್ಳಿಹಾಕಿದೆ. ದೇಹವನ್ನು ಕುಳ್ಳಿರಿಸಿ, ಇಷ್ಟಲಿಂಗಸಹಿತವಾಗಿ ಸಮಾಧಿ ಮಾಡಿದ ಬಳಿಕ ತಿಲೋದಕವಿಲ್ಲ, ಪಿಂಡಪ್ರದಾನವಿಲ್ಲ. ಐಕ್ಯನಾದವನಿಗೆ ಇಲ್ಲಿಂದ ಮುಟ್ಟಿಸಬೇಕಾದುದು ಯಾವುದೂ ಉಳಿದಿಲ್ಲವೆಂದ ಮೇಲೆ, ವರ್ಷವರ್ಷವೂ ಜನರು ಕೂಡುವುದು ಯಾರಿಗಾಗಿ?

ಇದಕ್ಕೆ ಉತ್ತರವನ್ನು ಬಸವಣ್ಣನವರ ಒಂದು ವಚನದಲ್ಲಿ ಬರುವ ಕಾಗೆಯ ದೃಷ್ಟಾಂತದಿಂದ ತಿಳಿಯಬಹುದಾಗಿದೆ. ಅನ್ಯರ ಶ್ರಾದ್ಧಕರ್ಮದಲ್ಲಿ ಕಾಗೆಯು ಪಿಂಡವನ್ನು ಮುಟ್ಟುವ ಪಕ್ಷಿ. ಅದು ಮುಟ್ಟಿದರೆ ಪಿತೃಗಳು ತೃಪ್ತರಾದರೆಂಬ ನಂಬಿಕೆ. ಬಸವಣ್ಣನವರು ಅದೇ ಕಾಗೆಯನ್ನು ತೆಗೆದುಕೊಂಡು ಬೇರೊಂದು ಪಾಠಕ್ಕೆ ಗುರುವನ್ನಾಗಿ ಮಾಡಿದರು. ಒಂದು ಕಾಳು ಕಂಡರೂ ತಾನೊಬ್ಬನೇ ತಿನ್ನದೆ ತನ್ನವರನ್ನೆಲ್ಲ ಕೂಗುವ ಗುಣ ಆ ಪಕ್ಷಿಗೆ ಇರುವಾಗ, ಭಕ್ತನಿಗೆ ಅಷ್ಟೂ ಇಲ್ಲದಿದ್ದರೆ ಅವನ ಬಾಳೇನೆಂಬುದು ಆ ವಚನದ ತಾತ್ಪರ್ಯ. ಸ್ಮರಣೆಗೆ ಕರೆಯುವುದು ಹೋದವರಿಗೆ ಅನ್ನ ಮುಟ್ಟಿಸುವುದಕ್ಕಲ್ಲ. ಅವರಿಂದ ದೊರೆತ ಅಗುಳನ್ನು ಉಳಿದವರು ಹಂಚಿಕೊಳ್ಳುವುದಕ್ಕೆ. ಗುರುವಿನ ಅಗಲಿಕೆಯಿಂದ ಶಿಷ್ಯನ ಕಣ್ಣಲ್ಲಿ ನೀರು ಬಂದರೆ ಅದು ಧರ್ಮವಿರೋಧವೆಂದು ಯಾರೂ ಭಾವಿಸಬೇಕಾಗಿಲ್ಲ. ಸೂತಕವಿಲ್ಲವೆಂದರೆ ಪ್ರೀತಿಯೂ ಇಲ್ಲವೆಂದು ಅರ್ಥವಲ್ಲ.

ಆದರೆ ಗಾಯಕನ ಸ್ಮರಣೆಯಲ್ಲಿ ಇನ್ನೊಂದು ತೊಡಕು ಉಂಟು. ಶಿವನು ನಾದಪ್ರಿಯನಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯನೆಂದು ಬಸವಣ್ಣನವರೇ ಸಾರಿದ್ದಾರೆ. ನಾದವನ್ನು ನುಡಿಸಿದ ರಾವಣನ ಗತಿ ಏನಾಯಿತೆಂಬುದನ್ನೂ ಅಲ್ಲಿ ನೆನಪಿಸಿದ್ದಾರೆ. ಹಾಗಾದರೆ ಸಂಗೀತಗಾರನ ಹೆಸರಿನಲ್ಲಿ ಉತ್ಸವವನ್ನು ಮಾಡುವುದು ಭಕ್ತಿಯೋ, ಬರಿಯ ನಾದದ ಮೇಲಣ ಮೋಹವೋ? ಈ ಪ್ರಶ್ನೆಯನ್ನು ಬಿಡಿಸಲು ಅವರದೇ ಇನ್ನೊಂದು ವಚನವನ್ನು ಜೊತೆಗಿಟ್ಟು ನೋಡಬೇಕು. ಅದರಲ್ಲಿ ತಮ್ಮ ದೇಹವನ್ನೇ ವಾದ್ಯವನ್ನಾಗಿಸಿ, ಶಿರಸ್ಸನ್ನು ಸೋರೆಬುರುಡೆಯಾಗಿಸಿ, ನರಗಳನ್ನು ತಂತಿಗಳಾಗಿಸಿ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಅವರು ಬೇಡಿಕೊಂಡಿದ್ದಾರೆ. ರಾವಣನು ಮಾಡಿದುದೂ ಹೊರನೋಟಕ್ಕೆ ಇದೇ ಅಲ್ಲವೆ? ಅವನೂ ತನ್ನ ತಲೆಯನ್ನೇ ಅರಿದು, ನರಗಳನ್ನೇ ತಂತಿಯಾಗಿಸಿ ವೀಣೆ ನುಡಿಸಿದನೆಂದು ಪುರಾಣಕಥೆ ಹೇಳುತ್ತದೆ. ವಾದ್ಯ ಎರಡೆಡೆಯಲ್ಲಿಯೂ ಒಂದೇ. ನುಡಿಸುವ ಕೈ ಬೇರೆ. ರಾವಣನು ವರವನ್ನು ಬಯಸಿ ತಾನೇ ನುಡಿಸಿದನು. ಬಸವಣ್ಣನವರು ತಮ್ಮನ್ನು ನುಡಿಸಿಕೊಳ್ಳೆಂದು ಒಪ್ಪಿಸಿಕೊಂಡರು. ಆದುದರಿಂದ ಗಾಯಕನನ್ನು ಸ್ಮರಿಸುವವರು ಅವನ ಕಂಠ ಎಷ್ಟು ಸ್ಥಾಯಿಗಳಲ್ಲಿ ಸಂಚರಿಸಿತೆಂಬುದನ್ನು ಮಾತ್ರ ಹೊಗಳಿದರೆ ಸಾಲದು. ಆ ಕಂಠವು ಯಾರಿಗೆ ಸಮರ್ಪಿತವಾಗಿತ್ತೆಂಬುದನ್ನೂ ಅರಿಯಬೇಕು.

ಇದಕ್ಕೆ ಉಜ್ಜ್ವಲ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಗದಿಗಯ್ಯ. ಹುಟ್ಟುಗುರುಡರು, ಅಣ್ಣನವರಾದ ಗುರುಬಸಯ್ಯನವರಿಗೂ ಕಣ್ಣಿರಲಿಲ್ಲ. ಬಡ ಜಂಗಮರ ಮನೆಯ ಈ ಕುರುಡುಮಕ್ಕಳ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು; 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾತ್ಮರು ಇವರೇ. ಭಿಕ್ಷೆಯನ್ನು ಬೇಡಿ ಬದುಕಬೇಕಾಗಿದ್ದ ಬಾಲಕನಿಗೆ ಮೈಸೂರಿನಲ್ಲಿ ಕರ್ಣಾಟಕ ಸಂಗೀತದ ಶಿಕ್ಷಣ ದೊರೆಯಿತು. ಮುಂದೆ ಮಿರಜಿನ ನೀಲಕಂಠ ಬುವಾ ಮೊದಲಾದವರಿಂದ ಹಿಂದೂಸ್ತಾನಿ ಪದ್ಧತಿಯೂ ಕೈವಶವಾಯಿತು. ಉಭಯಗಾನವಿಶಾರದರೆಂಬ ಬಿರುದು ಬಂದುದು ಇದರಿಂದಲೇ.

ಇಷ್ಟಾದ ಮೇಲೆ ಅವರು ಅರಮನೆಗಳ ಆಶ್ರಯವನ್ನು ಹುಡುಕಿಕೊಂಡು ಹೋಗಬಹುದಾಗಿತ್ತು. ಹೋಗಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ಅವರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತ ಊರಿಂದೂರಿಗೆ ನಡೆದರು. ಅವರ ಪಾಠಶಾಲೆಗೆ ಬಹುಕಾಲ ಗೋಡೆಗಳೇ ಇರಲಿಲ್ಲ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂಬ ಶರಣರ ತತ್ತ್ವವನ್ನು ಸಂಗೀತಶಿಕ್ಷಣದಲ್ಲಿ ಇಷ್ಟು ಅಕ್ಷರಶಃ ನಡೆಸಿದವರು ವಿರಳರು. ಗದಗಿನಲ್ಲಿ ಆಶ್ರಮವು ನೆಲೆನಿಂತುದು 1942ರಲ್ಲಿ. 1944ನೆಯ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಐವತ್ತೆರಡೇ ವರ್ಷಗಳ ಆಯುಷ್ಯ.

ಅವರ ಶಿಷ್ಯವಾತ್ಸಲ್ಯದ ಒಂದು ಪ್ರಸಂಗವನ್ನು ಬಲ್ಲವರು ಇಂದಿಗೂ ಹೇಳುತ್ತಾರೆ. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ, ಯಲಿವಾಳದ ಬಸವರಾಜ ರಾಜಗುರು ಎಂಬ ತರುಣ ಶಿಷ್ಯನು ಮೊದಲ ಬಾರಿಗೆ ಮಹಾಸಭೆಯಲ್ಲಿ ಹಾಡಿದನು. ಅವನಿಗೆ ತಬಲಾ ಸಾಥಿ ನೀಡಿದವರು ಸ್ವತಃ ಗುರುಗಳು. ಶಿಷ್ಯನು ಮುಂದೆ, ಗುರುವು ಪಕ್ಕದಲ್ಲಿ! ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಎಣಿಸಿದ ಬಸವಣ್ಣನವರ ಮಾರ್ಗವನ್ನು ಗವಾಯಿಗಳು ಉಪನ್ಯಾಸದಿಂದ ಬೋಧಿಸದೆ ಎರಡು ಕೈಗಳಿಂದ ನುಡಿಸಿ ತೋರಿಸಿದರು.

ಅಂಥ ಗುರುವು ಹೋದ ಮೇಲೆ ಆಶ್ರಮದಲ್ಲಿ ಉಳಿದುದು ಉಣ್ಣಬೇಕಾದ ಮಕ್ಕಳ ಬಾಯಿಗಳು. ಭಾರ ಬಿದ್ದುದು ಪುಟ್ಟರಾಜ ಗವಾಯಿಗಳ ಮೇಲೆ. 1914ರಲ್ಲಿ ಜನಿಸಿ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರಿಗೆ ಆಗ ಮೂವತ್ತು ವರ್ಷ. ಗುರುವಿನ ನೆನಪಿಗೆ ಮಂಟಪವನ್ನು ಕಟ್ಟಿಸಬೇಕೆಂದು ಅವರು ಮೊದಲು ಯೋಚಿಸಲಿಲ್ಲ. ನಾಟಕಗಳನ್ನು ಬರೆದರು, ನಾಟಕ ಮಂಡಳಿಯನ್ನು ನಡೆಸಿದರು, ಅದರ ಗಳಿಕೆಯಿಂದ ಆಶ್ರಮದ ಒಲೆ ಆರದಂತೆ ನೋಡಿಕೊಂಡರು. ಮುಂದೆ ಭಕ್ತರು ಊರೂರುಗಳಲ್ಲಿ ನಡೆಸಿದ ತುಲಾಭಾರಗಳ ಹಣವೂ ಆ ಒಲೆಗೇ ಸಂದಿತು. 2010ನೆಯ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷ ಈ ಸೇವೆ ನಡೆಯಿತು. ಅದೇ ವರ್ಷ ಅವರಿಗೆ ಪದ್ಮಭೂಷಣವೂ ಸಂದಿತ್ತು. ಆದರೆ ಅಂತಿಮದರ್ಶನಕ್ಕೆ ಗದಗಿಗೆ ಬಂದ ಲಕ್ಷಾಂತರ ಜನರು ಬಂದುದು ಪದವಿಯನ್ನು ನೋಡಿ ಅಲ್ಲ.

ಈಗ ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಗುರುಶಿಷ್ಯರಿಬ್ಬರ ಪುಣ್ಯಸ್ಮರಣೋತ್ಸವವು ಆಶ್ರಮದಲ್ಲಿ ಒಟ್ಟಿಗೆ ನಡೆಯುತ್ತದೆ. ಇಲ್ಲಿ ಕಲಿತು ಹೋದವರು ನಾನಾ ಕಡೆಗಳಿಂದ ಬರುತ್ತಾರೆ. ಪ್ರಸಿದ್ಧರೂ ಬರುತ್ತಾರೆ, ಯಾವುದೋ ಹಳ್ಳಿಯ ಶಾಲೆಯಲ್ಲಿ ಸಂಗೀತ ಕಲಿಸುವವರೂ ಬರುತ್ತಾರೆ, ಪುರಾಣಕ್ಕೆ ತಬಲಾ ನುಡಿಸಿ ಸಂಸಾರ ಸಾಗಿಸುವವರೂ ಬರುತ್ತಾರೆ. ಅಹೋರಾತ್ರಿ ಸಂಗೀತಸೇವೆ, ಜೊತೆಗೆ ದಾಸೋಹ. ಇವೆರಡರಲ್ಲಿ ಯಾವುದು ಮುಖ್ಯ, ಯಾವುದು ಅಂಗವೆಂದು ಕೇಳಿದರೆ ಹೇಳುವುದು ಕಷ್ಟ. ಸ್ಮರಿಸಲ್ಪಡುವವರೇ ಅನ್ನವನ್ನೂ ಸ್ವರವನ್ನೂ ಬೇರೆಯಾಗಿ ಎಣಿಸಿದವರಲ್ಲ.

ಗದಗಿನಲ್ಲಿ ಮಠವುಂಟು, ಗುರುಪರಂಪರೆಯುಂಟು. ಗೃಹಸ್ಥನಾದ ಗಾಯಕನ ಪಾಡೇನೆಂದು ಕೆಲವರು ಕೇಳಬಹುದು. ಅಂಥವರು ಧಾರವಾಡದ ಕಡೆ ನೋಡಬೇಕು. 1992ನೆಯ ಸೆಪ್ಟೆಂಬರ್ 12ರಂದು ಗತಿಸಿದ ಮಲ್ಲಿಕಾರ್ಜುನ ಮನ್ಸೂರರು ಮಕ್ಕಳೊಂದಿಗರು, ಸಂಸಾರಿಗಳು. ಅವರೂ ಮೊದಲು ಕಲಿತುದು ನೀಲಕಂಠ ಬುವಾ ಅವರಲ್ಲಿಯೇ. ಬಳಿಕ ಮಂಜಿಖಾನ್, ಭುರ್ಜಿಖಾನ್ ಸಹೋದರರಲ್ಲಿ. ಮುರುಘಾಮಠದ ಮೃತ್ಯುಂಜಯಸ್ವಾಮಿಗಳಲ್ಲಿ ಅವರಿಗಿದ್ದ ಶ್ರದ್ಧೆಗೆ ಅವರ ಮನೆಯ ‘ಮೃತ್ಯುಂಜಯ’ ಎಂಬ ಹೆಸರೇ ಸಾಕ್ಷಿ. ಆ ಮನೆ ಈಗ ಅವರ ಸ್ಮಾರಕವಾಗಿದೆ. ಇಷ್ಟಾದರೂ ಅವರನ್ನು ನೆನೆಯುವ ಸಭೆಗಳಲ್ಲಿ ಜನರ ಮನಸ್ಸು ತುಂಬುವುದು ಅವರ ಪರಿಯಲ್ಲಿ ಯಾರಾದರೂ ವಚನವನ್ನು ಎತ್ತಿಕೊಂಡಾಗಲೇ.

ವಚನಗಾಯನದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕಾಗಿದೆ. ವಚನವು ಮಾತ್ರಾಗಣಕ್ಕೆ ಸಿಕ್ಕುವ ಪದ್ಯವಲ್ಲ. ಯಾವ ಮಾತನ್ನು ಪಲ್ಲವಿಯಂತೆ ಮರಳಿ ಹಿಡಿಯಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ಗಾಯಕನು ಅರ್ಥವನ್ನು ಬಲ್ಲವನಾಗಿ ನಿಶ್ಚಯಿಸಬೇಕು; ಅರ್ಥವನ್ನರಿಯದೆ ತಾನುಗಳನ್ನು ಪೋಣಿಸಿದರೆ ರಾಗವು ಉಳಿದು ವಚನವು ಹೋಗುತ್ತದೆ. ಇನ್ನು ಎಷ್ಟೇ ಆಲಾಪ ಮಾಡಿದರೂ ವಚನ ಮುಗಿಯುವುದು ಅಂಕಿತದಲ್ಲಿ. ಅಂಕಿತವು ಹಾಡಿದವನದಲ್ಲ, ವಚನಕಾರನ ಸ್ವಂತ ಹೆಸರು ಕೂಡ ಅಲ್ಲ, ಅವನ ಇಷ್ಟದೈವದ್ದು. ಗತಿಸಿದ ಗಾಯಕನ ಸ್ಮರಣೆಗೆಂದು ನೆರೆದ ಸಭೆಯಲ್ಲಿ ಕೊನೆಗೆ ಕಿವಿಗೆ ಬೀಳುವ ಹೆಸರು ಕೂಡಲಸಂಗಮದೇವನದು, ಚೆನ್ನಮಲ್ಲಿಕಾರ್ಜುನನದು, ಗುಹೇಶ್ವರನದು. ಆ ಗಾಯಕನೇ ಬದುಕಿದ್ದಾಗ ದಿನವೂ ತನ್ನ ಹಾಡನ್ನು ಆ ಹೆಸರಿನಲ್ಲಿ ಮುಗಿಸಿದವನು.

ಈ ದೃಷ್ಟಿಯಿಂದ ನೋಡಿದರೆ ಇತ್ತೀಚಿನ ಕೆಲವು ಶ್ರದ್ಧಾಂಜಲಿಸಭೆಗಳ ರೀತಿಯು ಮನಸ್ಸಿಗೆ ಒಪ್ಪುವಂಥದಲ್ಲ. ಭಾವಚಿತ್ರಕ್ಕೆ ಮಾಲೆ, ವೇದಿಕೆಯ ತುಂಬ ಗಣ್ಯರು, ಒಬ್ಬೊಬ್ಬರಿಗೂ ಶಾಲು, ಒಬ್ಬೊಬ್ಬರದೂ ದೀರ್ಘಭಾಷಣ. ಹಾಡುವವರಿಗೆ ಉಳಿದ ಹೊತ್ತು ಹತ್ತು ನಿಮಿಷ. ಬಾಳೆಲ್ಲ ಹಾಡಿದವನನ್ನು ಮಾತಿನಿಂದಲೇ ಮುಚ್ಚುವುದು ವಿಚಿತ್ರವಾದ ಗೌರವ.

ಗೃಹಸ್ಥಭಕ್ತರಿಗೆ ಇದಕ್ಕಿಂತ ಸುಲಭವೂ ಯೋಗ್ಯವೂ ಆದ ಮಾರ್ಗವುಂಟು. ಪ್ರತಿಯೊಂದು ಊರಿನ ಭಜನಾಮೇಳದಲ್ಲಿಯೂ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಸೋಮವಾರ ಮಠದಲ್ಲಿ ಹಾರ್ಮೋನಿಯಂ ಹಿಡಿದು ಕೂಡುವವರು, ಶಿವರಾತ್ರಿಯ ಜಾಗರಣೆಯನ್ನು ನಿದ್ದೆಗೆಡದಂತೆ ನಡೆಸುವವರು. ಪತ್ರಿಕೆಗಳಲ್ಲಿ ಅವರ ಹೆಸರು ಬರುವುದಿಲ್ಲ. ಅವರು ಲಿಂಗೈಕ್ಯರಾದ ಬಳಿಕ ಮೇಳದವರು ದುಃಖದಿಂದ ತಾಳಗಳನ್ನು ಗಂಟುಕಟ್ಟಿ ಇಡುವುದುಂಟು. ಆ ವರ್ಷ ಭಜನೆಯೇ ನಿಂತುಹೋಗುವುದುಂಟು. ಹೀಗೆ ಆಗಗೊಡಬಾರದು. ಅವರ ಸ್ಮರಣೆಯ ದಿನ ಜೊತೆಗಾರರೆಲ್ಲರೂ, ದೂರದ ಊರುಗಳಿಗೆ ಹೋದವರೂ ಸೇರಿ, ಗದ್ದುಗೆಯಿದ್ದರೆ ಅಲ್ಲಿ, ಇಲ್ಲದಿದ್ದರೆ ಮನೆಯ ಪಡಸಾಲೆಯಲ್ಲಿ ಕೂಡಬೇಕು. ಹಿರಿಯರು ಹಾಡುತ್ತಿದ್ದ ಪದಗಳನ್ನು ನೆನಪಿದ್ದವರು ನೆನಪಿದ್ದಷ್ಟು ಹಾಡಬೇಕು. ಒಬ್ಬನಿಗೆ ಮೊದಲ ನುಡಿ ನೆನಪಿದ್ದರೆ ಇನ್ನೊಬ್ಬನಿಗೆ ಕಡೆಯ ನುಡಿ ನೆನಪಿರುತ್ತದೆ. ಅದನ್ನು ಅಂದೇ ಬರೆದಿಡಬೇಕು, ಇಂದಿನ ಯಂತ್ರಗಳಲ್ಲಿ ಧ್ವನಿಯನ್ನೂ ಹಿಡಿದಿಡಬೇಕು. ಉಣಬಡಿಸುವುದು ರೊಟ್ಟಿ ಪಲ್ಯವಾದರೂ ಸಾಕು.

ಗತಿಸಿದವರ ಹಾರ್ಮೋನಿಯಮ್ಮನ್ನು ಪೂಜೆಗೆಂದು ಬಟ್ಟೆ ಹೊದಿಸಿ ಮೂಲೆಯಲ್ಲಿ ಇಡುವವರು ಒಂದನ್ನು ತಿಳಿದಿರಬೇಕು: ನುಡಿಸದೆ ಬಿಟ್ಟ ವಾದ್ಯದ ತಿದಿಗೆ ಹುಳು ಹತ್ತುತ್ತದೆ, ಒಳಗಣ ಸ್ವರಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಅದನ್ನು ಕಲಿಯುವ ಆಸೆಯುಳ್ಳ ಊರಿನ ಹುಡುಗನಿಗೋ ಹುಡುಗಿಗೋ ಕೊಟ್ಟು, ವರ್ಷದ ಸ್ಮರಣೆಯ ದಿನ ಮೊದಲ ಹಾಡನ್ನು ಆ ಮಗುವಿನಿಂದಲೇ ಹಾಡಿಸಬೇಕು. ಸ್ವರ ತಪ್ಪಿದರೆ ಹಿರಿಯರು ಪಕ್ಕದಲ್ಲಿ ಕುಳಿತು ತಾಳ ಹಾಕಲಿ.