ಬ್ಯಾಕಪ್ ಇದೆ, ಫೈಲ್ ಬರುತ್ತಿಲ್ಲ: ಮೊದಲು ಗಡಿಬಿಡಿ ನಿಲ್ಲಲಿ

ಟಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಬಂದು ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಓದುವ ಮಕ್ಕಳು ಪ್ರಾಜೆಕ್ಟ್ ಫೈಲ್ ಕಳೆದುಕೊಂಡಾಗ ಮೊದಲು ಫೋನ್ ಮಾಡುವುದು ಮನೆಗೇ. ಬ್ಯಾಕಪ್ ಮಾಡಿದ್ದೆ, ಈಗ ತೆರೆಯುತ್ತಿಲ್ಲ ಎಂದು ಮಗಳು ಅಳುತ್ತಿದ್ದರೆ, ಕಂಪ್ಯೂಟರ್ ಗೊತ್ತಿಲ್ಲದ ತಾಯಿಯೂ ಒಂದು ಮಾತು ಹೇಳಬಹುದು: “ಗಾಬರಿ ಆಗಬ್ಯಾಡವ್ವ, ಆ ಪೆನ್‌ಡ್ರೈವ್‌ನಾಗ ಹೊಸದೇನೂ ಹಾಕಬ್ಯಾಡ.”

ಈ ಮಾತು ಬರೀ ಸಮಾಧಾನಕ್ಕಲ್ಲ. ಪೆನ್‌ಡ್ರೈವ್‌ನಲ್ಲಿ ಅಳಿಸಿಹೋದ ಫೈಲಿನ ಮಾಹಿತಿ ಸಾಮಾನ್ಯವಾಗಿ ಕೂಡಲೇ ಮಾಯವಾಗುವುದಿಲ್ಲ. ಆ ಜಾಗದ ಮೇಲೆ ಬೇರೆಯದು ಬರೆಯಲ್ಪಟ್ಟಾಗ ಹೋಗುತ್ತದೆ. ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಬೇಕು. ಬೇರೆ ಪೋರ್ಟಿಗೆ, ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಬೇಕು. ತೆರೆದರೆ ಮೊದಲ ಕೆಲಸ ಇಡೀ ಬ್ಯಾಕಪ್ಪಿನ ಇನ್ನೊಂದು ಪ್ರತಿ. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ.

ಮರಳಿ ಪಡೆಯುವಾಗ ಹಳೆಯ ಜಾಗಕ್ಕೇ ಹಾಕದೆ ಹೊಸ ಫೋಲ್ಡರಿಗೆ ಹಾಕಿಸಿ. ಇಲ್ಲವಾದರೆ ಹೋದ ವಾರದ ಪ್ರತಿ ನಿನ್ನೆಯದನ್ನು ನುಂಗಿಬಿಡಬಹುದು. ಫೋಲ್ಡರಿನೊಳಗೆ ಫೋಲ್ಡರ್ ಸೇರಿ ಹಾದಿಯ ಹೆಸರು 260 ಅಕ್ಷರ ದಾಟಿದರೆ ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಂಗಳು ಎಡವುತ್ತವೆ. ಚಿಕ್ಕ ಹೆಸರಿನ ಫೋಲ್ಡರ್ ಸಾಕು. ಜಾಗವಿದ್ದೂ ದೊಡ್ಡ ವಿಡಿಯೊ ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲವೆಂದರೆ ಕಾರಣ ಇದಿರಬಹುದು: ಫ್ಯಾಟ್‌32 ರೀತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಹಿಡಿಯುವುದಿಲ್ಲ. ಕರೆಂಟ್ ಹೋಗುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಈ ಕೆಲಸ ಹಿಡಿಯಬೇಡಿ.

ಇನ್ನು ನನಗೆ ತುಂಬ ಸಂಕಟವಾಗುವ ಸಂಗತಿ. ಕನ್ನಡದಲ್ಲಿ ಟೈಪ್ ಮಾಡಿದ ಪ್ರಬಂಧ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ, ನೆತ್ತಿಯ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಮಕ್ಕಳು ಅದನ್ನು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಉಳಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದಿಲ್ಲ. ನುಡಿ ಹಾಕಿಕೊಂಡು, ಪಠ್ಯವನ್ನೆಲ್ಲ ಆಯ್ದು, ಬರೆಯುವಾಗ ಬಳಸಿದ್ದ ಫಾಂಟನ್ನೇ ಕೊಟ್ಟರೆ ಸಾಲುಗಳು ಮರಳಿ ಕಾಣುತ್ತವೆ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಬಹುದು. ಮೂಲ ಪ್ರತಿಯನ್ನು ಮಾತ್ರ ಹಾಗೇ ಇಟ್ಟುಕೊಳ್ಳಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ.

ಫೋನಿನ ಕಥೆ ಬೇರೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆಗೆ ಬ್ಯಾಕಪ್ ಆದ ವಾಟ್ಸ್ಆ್ಯಪ್ ಸಂದೇಶಗಳು ಮರಳಿ ಬರಲು ಅದೇ ನಂಬರು, ಅದೇ ಗೂಗಲ್ ಖಾತೆ ಎರಡೂ ಬೇಕು. ಊರು ಬಿಟ್ಟ ಮೇಲೆ ಹೊಸ ಸಿಮ್, ಹೊಸ ಜಿಮೇಲ್ ಮಾಡಿಕೊಂಡ ಹುಡುಗನಿಗೆ ಬ್ಯಾಕಪ್ಪೇ ಇಲ್ಲವೆಂದು ತೋರಿಸುವುದು ಇದಕ್ಕೇ. ಬ್ಯಾಕಪ್ಪಿಗೆ ಪಾಸ್‌ವರ್ಡ್ ಬೀಗ ಹಾಕಿ ಮರೆತರೆ ಕಂಪನಿಯೂ ತೆಗೆಯಲಾರದು. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಮನೆಯಲ್ಲಿಡಿ. ಗೂಗಲ್ ಫೋಟೋಸ್ ಫೋನಿನ ಜೊತೆ ತಾಳೆಯಲ್ಲಿರುತ್ತದೆ. ಆ ಆ್ಯಪ್‌ನಲ್ಲಿ ಅಳಿಸಿದ ಚಿತ್ರ ಫೋನಿನಿಂದಲೂ ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಕಸದಬುಟ್ಟಿಯಲ್ಲಿರುತ್ತದೆ, ಅಷ್ಟರಲ್ಲಿ ಹುಡುಕಬೇಕು.

ಸ್ಕಾಲರ್‌ಶಿಪ್‌ಗೆ ಬೇಕಾದ ಕಾಗದಪತ್ರಗಳ ಸ್ಕ್ಯಾನ್ ಹೋಗಿದ್ದರೆ ರಾತ್ರಿಯೆಲ್ಲ ಪೆನ್‌ಡ್ರೈವ್ ಜೊತೆ ಗುದ್ದಾಡುವುದು ಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಡಿಜಿಲಾಕರ್‌ನಲ್ಲಿ ನೋಡಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇದ್ದರೆ ನಾಡಕಚೇರಿಯ ದಾಖಲೆಯಿಂದ ಅದನ್ನು ಮತ್ತೆ ಪಡೆಯಬಹುದು. ಆ ಸಂಖ್ಯೆಯೂ ಪಾಸ್‌ವರ್ಡ್ ಬರೆದಿಟ್ಟ ಕಾಗದದಲ್ಲೇ ಇರಲಿ.

ಮಗ ರಜೆಗೆ ಮನೆಗೆ ಬಂದಾಗ ಬ್ಯಾಕಪ್ ಮಾಡಿದ್ದೀಯಾ ಎಂದಷ್ಟೇ ಕೇಳಿ ಬಿಡಬೇಡಿ. ಒಂದು ಫೈಲನ್ನು ನಿಮ್ಮೆದುರು ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಹೇಳಿ, ಕೊನೆಯ ಪುಟದವರೆಗೆ.