ಇಟ್ಟಂಗಿಹಾಳದಿಂದ ಇಸ್ರೋ, ಬಿಎಆರ್‌ಸಿ ಸಂದರ್ಶನಕ್ಕೆ ಹೊರಟವರಿಗೆ

ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದಿಂದ ದಿನಾ ವಿಜಯಪುರಕ್ಕೆ ಓಡಾಡಿ ಎಂಜಿನಿಯರಿಂಗ್ ಮುಗಿಸಿದವರೂ ದೊಡ್ಡ ಸಂಸ್ಥೆಗಳ ಸಂದರ್ಶನ ಗೆಲ್ಲಬಲ್ಲರು. ತಯಾರಿ ಹೀಗಿರಲಿ.

1. ಗೇಟ್ ಅಂಕ ನೆಚ್ಚಿ ಕೂರಬೇಡಿ. ಅದು ಬಿಎಆರ್‌ಸಿ ತರಬೇತಿ ಶಾಲೆಯ ಸಂದರ್ಶನಕ್ಕೆ ಕರೆ ತರುತ್ತದೆ, ಅಷ್ಟೇ. ಅಂತಿಮ ಆಯ್ಕೆಗೆ ಸಂದರ್ಶನವೇ ಆಧಾರ. ಇಸ್ರೋದಲ್ಲೂ ವಿಷಯಜ್ಞಾನಕ್ಕೇ ಹೆಚ್ಚು ತೂಕ.

2. ಇಷ್ಟದ ವಿಷಯ ಯಾವುದೆಂದು ಕೇಳಿದರೆ, ಬೇರುಮಟ್ಟ ಓದಿದ್ದನ್ನಷ್ಟೇ ಹೇಳಿ. ಸೂತ್ರ ಬಾಯಿಪಾಠವಿದ್ದರೆ ಸಾಲದು. ಅದು ಎಲ್ಲಿಂದ ಬಂತು, ಯಾವಾಗ ಅನ್ವಯಿಸುವುದಿಲ್ಲ ಎಂಬುದೂ ಗೊತ್ತಿರಬೇಕು.

3. ನಿಮ್ಮ ಸೀಮೆಯ ಯಂತ್ರಗಳನ್ನು ಲೆಕ್ಕ ಹಾಕಿ ನೋಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ಈ ಭಾಗಕ್ಕೆ ಎತ್ತುತ್ತದೆ. ಸೆಕೆಂಡಿಗೆ 1 ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು ಎಷ್ಟು ವಿದ್ಯುತ್ ಬೇಕು? 1,000 ಕಿಲೋ ನೀರು, 9.81, 100 ಗುಣಿಸಿದರೆ 981 ಕಿಲೋವ್ಯಾಟ್. ಪಂಪು, ಮೋಟಾರಿನ ಒಟ್ಟು ದಕ್ಷತೆ ಶೇ 80 ಎಂದುಕೊಂಡರೆ ಸುಮಾರು 1,226. ಪೈಪಿನ ಘರ್ಷಣೆ ಸೇರಿಸಿಲ್ಲವೆಂದು ಕೇಳುವ ಮೊದಲೇ ಹೇಳಿ. ಕರೆಂಟು ಥಟ್ಟನೆ ಹೋದರೆ ಪೈಪಿನಲ್ಲಿ ಏಳುವ ವಾಟರ್ ಹ್ಯಾಮರ್ ಬಗ್ಗೆಯೂ ಓದಿಕೊಂಡಿರಿ. ಎಲೆಕ್ಟ್ರಿಕಲ್‌ನವರಿಗೆ ಕೂಡಗಿ ವಿದ್ಯುತ್ ಸ್ಥಾವರದ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಸಿವಿಲ್‌ನವರಿಗೆ ಗೋಳಗುಮ್ಮಟವೇ ಇದೆ: ಒಂದನ್ನೊಂದು ಛೇದಿಸುವ ಕಮಾನುಗಳು ಆ ಗುಮ್ಮಟದ ಭಾರವನ್ನು ಗೋಡೆಗಿಳಿಸುವ ಬಗೆಯನ್ನು ಚಿತ್ರ ಬರೆದು ವಿವರಿಸಲು ಬರಬೇಕು.

4. ಉತ್ತರ ಹೊಳೆಯದಿದ್ದರೆ ಸುಮ್ಮನೆ ಕೂರಬೇಡಿ. ಗೊತ್ತಿರುವುದರಿಂದ ಶುರುಮಾಡಿ, ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಸಲ ಎದುರಿಗಿದ್ದವರೇ ಸುಳಿವು ಕೊಡುತ್ತಾರೆ. ಏನೂ ಗೊತ್ತಿಲ್ಲವೆಂದರೆ ಹಾಗೆಂದೇ ಹೇಳಿ. ಊಹೆಗೆ ಬಣ್ಣ ಹಚ್ಚಿದರೆ ಮುಂದಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ.

5. ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಯಾವುದು? ಅದನ್ನು ಎರಡು ನಿಮಿಷದಲ್ಲಿ ಹೇಳಲು ಬರಲಿ.

6. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ಅಳುಕಬೇಡಿ. ವಿಷಯವನ್ನು ಮೊದಲು ಕನ್ನಡದಲ್ಲೇ ಗೆಳೆಯರಿಗೆ ತಿಳಿಸಿಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ವಿಷಯವೇ ಅರ್ಥವಾಗಿಲ್ಲ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಕೈಯಲ್ಲಿ ಪೆನ್ನು ಹಿಡಿದು ಚಿತ್ರ ಬರೆಯುತ್ತ, ಗಟ್ಟಿಯಾಗಿ ಹೇಳಿ. ವಾರಗಟ್ಟಲೆ ಮಾಡಿದರೆ ನಾಲಿಗೆ ತಾನಾಗಿ ಹೊರಳುತ್ತದೆ.

7. ಮೂಲ ದಾಖಲೆಗಳ ಜೊತೆ ಎರಡು ಸೆಟ್ ಜೆರಾಕ್ಸ್ ಇರಲಿ. ಬೆಂಗಳೂರಾಗಲಿ ಮುಂಬೈಯಾಗಲಿ, ಹಿಂದಿನ ದಿನವೇ ತಲುಪಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು ನೇರವಾಗಿ ಒಳಗೆ ಹೋಗಬಾರದು.